ಎಂಜಿನ್ ಇಳಿಸುವ ಮೊದಲು ಪೆನ್ನು ಹಿಡಿಯಿರಿ

“ಎಂಜಿನ್ ಬೋರಿಗೆ ಬಂದಿದೆ ಸಾರ್, ಇಳಿಸಲೇಬೇಕು” ಎಂದು ಮೆಕ್ಯಾನಿಕ್ ಹೇಳಿದ ಮೇಲೆ ಹಳೇ ಕಾರಿನವರ ಮುಂದೆ ಉಳಿಯುವುದು ಮೂರೇ ದಾರಿ. ಕಾರನ್ನು ಗುಜರಿಗೆ ಹಾಕುವುದು, ಗ್ಯಾರೇಜಿಗೆ ಒಪ್ಪಿಸಿ ಬಿಲ್ಲಿಗೆ ಕಾಯುವುದು, ಇಲ್ಲವೇ ತೋಳೇರಿಸಿ ತಾವೇ ಕೈ ಹಾಕುವುದು. ಈ ಬರಹ ಮೂರನೆಯ ದಾರಿ ಹಿಡಿದವರಿಗೆ, ಅದರಲ್ಲೂ ಮೊದಲ ಸಲ ಹಿಡಿಯುತ್ತಿರುವವರಿಗೆ.

ಉದಾಹರಣೆಗೆ ಮಾರುತಿ 800 ಇಟ್ಟುಕೊಳ್ಳೋಣ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಷ್ಟೂ ವರ್ಷ ಅದರ ಹೊಟ್ಟೆಯಲ್ಲಿದ್ದದ್ದು 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್. ಬಾನೆಟ್ ಎತ್ತಿದರೆ ಕೈ ಆಡಿಸಲು ಜಾಗವಿದೆ, ಕಾರ್ಬೊರೇಟರ್ ಇರುವ ಮಾದರಿಯಲ್ಲಿ ಎಲೆಕ್ಟ್ರಾನಿಕ್ಸ್ ಕಾಟ ಕಡಿಮೆ, ಬಿಡಿಭಾಗಗಳು ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಸಿಗುತ್ತವೆ, ಪರಿಚಯವಿಲ್ಲದ ಮೆಕ್ಯಾನಿಕ್ಕೇ ಇಲ್ಲ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾರು ನಮ್ಮಲ್ಲಿಲ್ಲ. ನಿಮ್ಮದು ಇಮೊಬಿಲೈಸರ್, ಹತ್ತಾರು ಸೆನ್ಸರ್ ಇರುವ ಬಿಎಸ್-6 ಕಾರಾದರೆ ಮನೆಯಲ್ಲಿ ಮೊದಲ ಪ್ರಯೋಗಕ್ಕೆ ಅದು ತಕ್ಕದ್ದಲ್ಲ. ಅದನ್ನು ಕಂಪನಿಯ ಸರ್ವೀಸ್ ಸೆಂಟರಿಗೇ ಬಿಡಿ.

ಹೊಸಬರು ಹೆದರುವುದು ಭಾರಕ್ಕೆ. ಆದರೆ ಎಂಜಿನ್ ಎತ್ತುವ ಕೆಲಸ ಸರಿಯಾದ ಕ್ರೇನ್ ಇದ್ದರೆ ಅರ್ಧ ಗಂಟೆಯದು. ಕೆಲಸ ಕೆಡುವುದು ಬೇರೆ ಕಡೆ. ಬಿಚ್ಚುವಾಗ ಗುರುತು ಹಾಕದ ವೈರಿನಲ್ಲಿ ಕೆಡುತ್ತದೆ, ತಂದ ಎಂಜಿನ್ನನ್ನು ನೆಲದ ಮೇಲಿದ್ದಾಗಲೇ ನೋಡದೆ ಕೂರಿಸಿದ್ದರಲ್ಲಿ ಕೆಡುತ್ತದೆ, ಆರ್‌ಸಿಯಲ್ಲಿರುವ ನಂಬರಿಗೂ ಕಾರಿನಲ್ಲಿರುವ ನಂಬರಿಗೂ ತಾಳೆಯಾಗದ ದಿನ ಪೂರ್ತಿ ಕೆಡುತ್ತದೆ. ಆದ್ದರಿಂದಲೇ ಸ್ಪ್ಯಾನರ್ ಹಿಡಿಯುವ ಮೊದಲು ಪೆನ್ನು ಹಿಡಿಯಿರಿ ಎನ್ನುವುದು.

ಹೋಗಿರುವುದು ಎಂಜಿನ್ನೇನಾ?

ಹೊಗೆ ಬಂದ ಮಾತ್ರಕ್ಕೆ ಎಂಜಿನ್ ಹೋಯಿತು ಎಂದಲ್ಲ. ನೀಲಿ ಹೊಗೆ ಆಯಿಲ್ ಸುಡುತ್ತಿರುವುದರ ಗುರುತು. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಮಾತ್ರ ಬಂದು ನಿಂತರೆ ಅದು ಬರೀ ವಾಲ್ವ್ ಸೀಲಿನ ಸಮಸ್ಯೆ ಇರಬಹುದು. ಬಿಳಿ ಹೊಗೆ ನಿಲ್ಲದೆ ಬರುತ್ತಾ ರೇಡಿಯೇಟರಿನ ನೀರು ಇಳಿಯುತ್ತಿದ್ದರೆ ಅನುಮಾನ ಹೆಡ್ ಗ್ಯಾಸ್ಕೆಟ್ ಮೇಲೆ. ಕಪ್ಪು ಹೊಗೆಯಾದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ ಎಂದರ್ಥ, ಅದಕ್ಕೆ ಎಂಜಿನ್ ಇಳಿಸಬೇಕಿಲ್ಲ.

ಖಚಿತ ಮಾಡಿಕೊಳ್ಳಲು ಕಂಪ್ರೆಷನ್ ಗೇಜ್ ಬೇಕು. ಎಂಜಿನ್ ಬಿಸಿಯಾದ ಮೇಲೆ ಮೂರೂ ಪ್ಲಗ್ ಬಿಚ್ಚಿ, ಇಗ್ನಿಷನ್ ಕಾಯಿಲ್‌ನ ವೈರ್ ಕಳಚಿ, ಎಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಒಂದೊಂದು ಸಿಲಿಂಡರಿನ ಅಂಕಿಯನ್ನೂ ಬರೆದುಕೊಳ್ಳಿ. ಆರೋಗ್ಯವಾಗಿರುವ ಎಂಜಿನ್ ಸಾಮಾನ್ಯವಾಗಿ 150 ಪಿಎಸ್‌ಐಗಿಂತ ಮೇಲೆ ತೋರಿಸುತ್ತದೆ. ಅಂಕಿಗಿಂತ ಮುಖ್ಯ, ಮೂರರ ನಡುವಿನ ಅಂತರ. ಒಂದೇ ಸಿಲಿಂಡರ್ ಬಹಳ ಕೆಳಗಿದ್ದರೆ ಅದರ ಪ್ಲಗ್ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಅಂಕಿ ಏರಿದರೆ ಪಿಸ್ಟನ್ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ತೊಂದರೆ ಮೇಲೆ, ವಾಲ್ವಿನಲ್ಲೋ ಗ್ಯಾಸ್ಕೆಟ್ಟಿನಲ್ಲೋ ಇದೆ. ಹೆಡ್ ಬಿಚ್ಚಿದರೆ ಸಾಕು, ಎಂಜಿನ್ ಕಾರಿನಲ್ಲೇ ಇರಲಿ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಬುಸುಬುಸು ಗಾಳಿ ಹೊಗೆಯಾಗಿ ಬರುತ್ತಿದ್ದರೆ ಗ್ಯಾರೇಜಿನವರು ‘ಬ್ಯಾಕ್ ಕಂಪ್ರೆಷನ್’ ಎನ್ನುವುದು ಅದನ್ನೇ. ಅದೂ ರಿಂಗ್ ಸವೆದದ್ದರ ಸಾಕ್ಷಿ.

ಯಾವ ಎಂಜಿನ್ ತರುವುದು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಬ್ಲಾಕ್ ಒಡೆದಿಲ್ಲ, ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ತೂತು ಮಾಡಿಲ್ಲ ಎಂದಾದರೆ ಬೇರೆ ಎಂಜಿನ್ ಹುಡುಕಬೇಡಿ. ನಿಮ್ಮದನ್ನೇ ಇಳಿಸಿ ಲೇತ್ ಅಂಗಡಿಗೆ ಕೊಡಿ. ಬೋರಿಂಗ್ ಮಾಡಿ 0.25 ಅಥವಾ 0.50 ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಹಾಕಿ ಕೊಡುತ್ತಾರೆ. ಇಳಿಸುವ, ಕೂರಿಸುವ ಶ್ರಮ ಎರಡಕ್ಕೂ ಒಂದೇ. ಆದರೆ ಬ್ಲಾಕ್ ನಿಮ್ಮದೇ ಆದ್ದರಿಂದ ಅದರ ಮೇಲೆ ಕೊರೆದ ಎಂಜಿನ್ ನಂಬರ್ ಬದಲಾಗುವುದಿಲ್ಲ, ಆರ್‌ಟಿಒ ಕಚೇರಿಗೆ ಅಲೆಯುವುದು ತಪ್ಪುತ್ತದೆ.

ಬ್ಲಾಕ್ ಕೈಬಿಟ್ಟಿದ್ದರೆ ಮಾತ್ರ ಹೊರಗಿನದು. ಅದರಲ್ಲಿ ಎರಡು ಬಗೆ. ಹಾಫ್ ಎಂಜಿನ್ ಎಂದರೆ ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಮಾತ್ರ. ಹೆಡ್, ಕಾರ್ಬೊರೇಟರ್, ಆಲ್ಟರ್ನೇಟರ್ ಎಲ್ಲ ನಿಮ್ಮ ಹಳೆಯದರಿಂದ ವರ್ಗಾಯಿಸಬೇಕು. ಫುಲ್ ಎಂಜಿನ್ ಎಂದರೆ ತಲೆಯಿಂದ ಸಂಪಿನವರೆಗೆ ಪೂರ್ತಿ. ಬೆಂಗಳೂರಿನಲ್ಲಿ ಹೊಸ ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಹಳೆಯದಕ್ಕೆ ಶಿವಾಜಿನಗರದ ಗುಜರಿ ಹೆಸರಾದವು. ಬೇರೆ ಊರುಗಳಲ್ಲೂ ಹಳೇ ಗಾಡಿ ಒಡೆಯುವವರು ಇದ್ದೇ ಇದ್ದಾರೆ.

ಗುಜರಿಯಲ್ಲಿ ‘ಎಲ್ಲಾ ಒಂದೇ ಸಾರ್, ಕೂತ್ಕೊಳ್ಳುತ್ತೆ’ ಎನ್ನುವ ಮಾತಿಗೆ ಮರುಳಾಗಬೇಡಿ. ಒಮ್ನಿಗೂ 800ಕ್ಕೂ 796 ಸಿಸಿಯದೇ ಎಂಜಿನ್ ನಿಜ. ಆದರೆ ಒಮ್ನಿಯಲ್ಲಿ ಅದು ಸೀಟಿನ ಕೆಳಗೆ ಉದ್ದುದ್ದ ಕೂತು ಹಿಂದಿನ ಚಕ್ರ ತಿರುಗಿಸುತ್ತದೆ, 800ರಲ್ಲಿ ಅಡ್ಡಡ್ಡ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಹಾಗಾಗಿ ಸುತ್ತಲ ಹಲವು ಭಾಗ ಬೇರೆಬೇರೆ. ಕಾರ್ಬೊರೇಟರ್ ಕಾರಿಗೆ ಎಂಪಿಎಫ್‌ಐ ಎಂಜಿನ್ ತಂದರೆ ವೈರಿಂಗ್, ಪೆಟ್ರೋಲ್ ಪಂಪ್, ಇಸಿಯು ಎಲ್ಲವನ್ನೂ ತರಬೇಕಾಗುತ್ತದೆ. ಮೊದಲ ಸಲದವರು ಅದೇ ಮಾದರಿ, ಅದೇ ಕಾಲದ ಎಂಜಿನ್ನನ್ನೇ ಹುಡುಕಬೇಕು. ನಿಮ್ಮ ಎಂಜಿನ್ನಿನ ನಾಲ್ಕು ಕಡೆಯ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ, ಪಕ್ಕದಲ್ಲಿ ಹಿಡಿದು ಒಂದೊಂದು ಮೌಂಟಿಂಗ್ ತೂತನ್ನೂ ಹೋಲಿಸಿ.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ಪ್ಲಗ್ ಬಿಚ್ಚಿಸಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಎರಡು ಪೂರ್ತಿ ಸುತ್ತು ಕೈಯಿಂದ ತಿರುಗಿಸಿ ನೋಡಿ. ಎಲ್ಲೂ ಹಿಡಿಯಬಾರದು, ಕಿರಕಿರ ಎನ್ನಬಾರದು. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಮೆತ್ತಿದ್ದರೆ ಆಯಿಲಿಗೆ ನೀರು ಸೇರಿತ್ತು ಎಂದು ತಿಳಿಯಿರಿ. ಡಿಪ್‌ಸ್ಟಿಕ್ ತುಕ್ಕು ಹಿಡಿದಿದ್ದರೆ ಆ ಎಂಜಿನ್ ಮಳೆಯಲ್ಲಿ ಬಿದ್ದಿತ್ತು. ಮುಖ್ಯವಾದದ್ದು ನಂಬರ್. ಬ್ಲಾಕಿನ ಮೇಲೆ ನಂಬರ್ ಕೊರೆದ ಜಾಗದಲ್ಲಿ ಅರ ಆಡಿಸಿದ ಗುರುತು ಕಂಡರೆ ಒಂದು ಮಾತೂ ಆಡದೆ ಹೊರಟುಬನ್ನಿ. ಕದ್ದ ಗಾಡಿಯ ಎಂಜಿನ್ ನಿಮ್ಮ ಅಂಗಳಕ್ಕೆ ಬಂದರೆ ಅದರ ಜತೆಗೆ ಪೊಲೀಸರೂ ಬರುತ್ತಾರೆ. ನಂಬರ್ ನಮೂದಿಸಿದ ಬಿಲ್ಲು, ಆ ಎಂಜಿನ್ ಬಂದ ಗಾಡಿಯ ದಾಖಲೆ ಎರಡನ್ನೂ ಪಡೆಯಿರಿ. ‘ಬಿಲ್ಲು ಬೇಕಾದರೆ ರೇಟು ಬೇರೆ’ ಎಂದರೆ ಆ ಬೇರೆ ರೇಟನ್ನೇ ಕೊಡಿ.

ಕಾನೂನು ಹೇಳುವುದೇನು?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಗಳು ಬದಲಾಗುವಂತೆ ಗಾಡಿಯನ್ನು ಮನಬಂದಂತೆ ಮಾರ್ಪಡಿಸುವ ಹಾಗಿಲ್ಲ. ಅನುಮತಿಯಿಲ್ಲದೆ ಎಂಜಿನ್ ಬದಲಾಗಿದ್ದರೆ 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ, ಶುಲ್ಕ ಕಟ್ಟಿ, ಆರ್‌ಸಿ ಒಪ್ಪಿಸಿ ಹೊಸ ವಿವರ ದಾಖಲಿಸಬೇಕು ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಆ 14 ದಿನವನ್ನು ನೆಚ್ಚಿಕೊಂಡು ಕೂರುವುದು ಜಾಣತನವಲ್ಲ. ಎಂಜಿನ್ನಿಗೆ ಮುಂಗಡ ಕೊಡುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಿರಿ. ಹೆಚ್ಚು ಸಿಸಿಯ ಎಂಜಿನ್ ಹಾಕಿ ‘ಪಿಕಪ್’ ಏರಿಸುವ ಆಸೆ ಇದ್ದವರಿಗೆ ಒಂದು ಮಾತು: ಬೇರೆ ಜಾತಿಯ ಎಂಜಿನ್ ಕೂರಿಸಿದ್ದು ಸಿಕ್ಕಿಬಿದ್ದರೆ 182-ಎ ಸೆಕ್ಷನ್ ಅಡಿ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು.

ಯಾರು ನೋಡುತ್ತಾರೆ ಬಿಡಿ ಎನ್ನುವವರೂ ಇದ್ದಾರೆ. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಅಲ್ಲಿ ಇನ್‌ಸ್ಪೆಕ್ಟರ್ ಮೊದಲು ನೋಡುವುದೇ ಚಾಸಿ ನಂಬರ್ ಮತ್ತು ಎಂಜಿನ್ ನಂಬರ್.

ಜಾಗ, ಜನ, ಸಾಮಾನು

ಸಮತಟ್ಟಾದ ಕಾಂಕ್ರೀಟ್ ನೆಲ ಬೇಕೇಬೇಕು. ಎಂಜಿನ್ ಕ್ರೇನಿನ ಪುಟ್ಟ ಗಾಲಿಗಳು ಮಣ್ಣಿನ ಅಂಗಳದಲ್ಲಿ ಹೂತುಕೊಳ್ಳುತ್ತವೆ, ಇಂಟರ್‌ಲಾಕ್ ಟೈಲ್ಸಿನ ಸಂದಿಯಲ್ಲಿ ಸಿಕ್ಕಿ ನಿಲ್ಲುತ್ತವೆ. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಆದರೆ ಅಸೋಸಿಯೇಷನ್ ಒಪ್ಪಿಗೆ ಮೊದಲು ಬೇಕು. ಅದು ಆರ್‌ಟಿಒ ಒಪ್ಪಿಗೆಗಿಂತ ಕಷ್ಟ.

ಒಂದು ಟನ್ ಎತ್ತಬಲ್ಲ ಮಡಚುವ ಕ್ರೇನ್ ದಿನಬಾಡಿಗೆಗೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಸಿಗದಿದ್ದರೆ ದಪ್ಪ ಕಬ್ಬಿಣದ ಪೈಪಿನ ಮುಕ್ಕಾಲಿಯಿಂದ ಚೈನ್ ಪುಲ್ಲಿ ಇಳಿಬಿಡಬಹುದು. ಹೆಂಚಿನ ಮನೆಯ ತೊಲೆ, ಶೆಡ್ಡಿನ ಶೀಟ್ ಹೊತ್ತ ಪೈಪು, ಮಾವಿನ ಮರದ ಕೊಂಬೆ ಇವು ಯಾವುವೂ ಬೇಡ. ಊರಲ್ಲಿ ಹುಣಸೆ ಮರಕ್ಕೆ ಕಟ್ಟಿ ಎಂಜಿನ್ ಇಳಿಸಿದವರ ಕತೆ ಕೇಳಿರುತ್ತೀರಿ. ಕೊಂಬೆ ಮುರಿದವರು ಕತೆ ಹೇಳುವುದಿಲ್ಲ.

ಕಾರಿನ ಮುಂಭಾಗ ಎತ್ತಿ ನಿಲ್ಲಿಸಲು ಜ್ಯಾಕ್ ಸ್ಟ್ಯಾಂಡ್ ಎರಡು ಬೇಕು. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಒಂದು ಕೈಯನ್ನೂ ಹಾಕಬೇಡಿ. ಇಟ್ಟಿಗೆ, ಹಾಲೋಬ್ಲಾಕ್ ಇಟ್ಟು ನಿಲ್ಲಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಹಾಲೋಬ್ಲಾಕ್ ಮುನ್ಸೂಚನೆ ಕೊಡದೆ ಒಮ್ಮೆಲೇ ಪುಡಿಯಾಗುತ್ತದೆ. ಉಳಿದಂತೆ ಒಳ್ಳೆಯ ಸಾಕೆಟ್ ಸೆಟ್, ರಿಂಗ್ ಸ್ಪ್ಯಾನರ್, ಉದ್ದನೆಯ ಎಕ್ಸ್‌ಟೆನ್ಷನ್, ಟಾರ್ಕ್ ರೆಂಚ್, ತುಕ್ಕು ಸಡಿಲಿಸುವ ಸ್ಪ್ರೇ, ಪೆಟ್ರೋಲ್ ಬೆಂಕಿಗೆ ಹೊಂದುವ ಪೌಡರ್ ಅಗ್ನಿಶಾಮಕ ಇರಲಿ. ಜತೆಗೆ ಒಬ್ಬರಾದರೂ ದೊಡ್ಡವರು ಇರಬೇಕು. ಪರಿಚಯದ ಮೆಕ್ಯಾನಿಕ್ಕಿಗೆ ಕೂಲಿ ಕೊಟ್ಟು ಎಂಜಿನ್ ಎತ್ತುವ ಹೊತ್ತಿಗೊಮ್ಮೆ, ಮೊದಲ ಸ್ಟಾರ್ಟಿನ ಹೊತ್ತಿಗೊಮ್ಮೆ ಕರೆಸಿಕೊಳ್ಳಿ. ಅದರಲ್ಲಿ ಅವಮಾನವೇನಿಲ್ಲ.

ಬಿಚ್ಚುವ ಕ್ರಮ

ಹಿಂದಿನ ದಿನವೇ ಸೈಲೆನ್ಸರ್ ಪೈಪಿನ ಬೋಲ್ಟುಗಳಿಗೆ ಸ್ಪ್ರೇ ಹೊಡೆದಿಡಿ. ಪೂಜೆ ಮಾಡಿ ಊದುಬತ್ತಿ ಹಚ್ಚುವುದಿದ್ದರೆ ಅದೂ ಹಿಂದಿನ ದಿನವೇ ಮುಗಿಯಲಿ, ಪೆಟ್ರೋಲ್ ಪೈಪ್ ಕಳಚಿದ ಮೇಲೆ ಹತ್ತಿರ ಒಂದು ಕಿಡಿಯೂ ಇರಕೂಡದು.

ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಿರಿ, ಆಮೇಲೆ ಪಾಸಿಟಿವ್. ಎಂಪಿಎಫ್‌ಐ ಕಾರಾದರೆ ಅದಕ್ಕೂ ಮುಂಚೆ ಪೆಟ್ರೋಲ್ ಪಂಪಿನ ರಿಲೇ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲೆಂಟ್, ಎಂಜಿನ್ ಆಯಿಲ್, ಗೇರ್ ಆಯಿಲ್ ಮೂರನ್ನೂ ಬೇರೆಬೇರೆ ಡಬ್ಬಕ್ಕೆ ಬಸಿಯಿರಿ. ಗೇರ್ ಆಯಿಲ್ ಬಸಿಯದೆ ಡ್ರೈವ್ ಶಾಫ್ಟ್ ಎಳೆದರೆ ಅದಷ್ಟೂ ನಿಮ್ಮ ಮೈಮೇಲೆ. ಕೂಲೆಂಟ್ ಡಬ್ಬವನ್ನು ಮುಚ್ಚಿಡಿ. ಅದರಲ್ಲಿರುವ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನಾಯಿ, ಬೆಕ್ಕುಗಳು ನೆಕ್ಕಿ ಸಾಯುತ್ತವೆ.

ಬಾನೆಟ್ಟಿನ ಕೀಲಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ಬಿಚ್ಚಿ, ವಾಪಸ್ ಕೂರಿಸುವಾಗ ಸಂದಿ ಸರಿಹೊಂದುತ್ತದೆ. ಏರ್ ಕ್ಲೀನರ್, ಫ್ಯಾನ್ ಸಮೇತ ರೇಡಿಯೇಟರ್, ಹೋಸ್ ಪೈಪುಗಳು ಸಾಲಾಗಿ ಬರಲಿ. ಎಸಿ ಇದ್ದರೆ ಅದರ ಪೈಪ್ ಬಿಚ್ಚಲೇಬೇಡಿ, ಒಳಗಿನ ಗ್ಯಾಸ್ ಒತ್ತಡದಲ್ಲಿರುತ್ತದೆ. ಕಂಪ್ರೆಸರಿನ ಬೋಲ್ಟ್ ತೆಗೆದು, ಪೈಪ್ ಸಮೇತ ಪಕ್ಕಕ್ಕೆ ಸರಿಸಿ ಬೈಂಡಿಂಗ್ ವೈರಿನಿಂದ ಕಟ್ಟಿಬಿಡಿ.

ಈಗ ಪೆನ್ನಿನ ನಿಜವಾದ ಕೆಲಸ. ಕಾರ್ಬೊರೇಟರಿನ ಸುತ್ತ ಬೆರಳು ಗಾತ್ರದ ರಬ್ಬರ್ ವ್ಯಾಕ್ಯೂಮ್ ಪೈಪುಗಳು ಒಂದರ ಮೇಲೊಂದು ಹಾದಿವೆ. ಎಲ್ಲದರ ಬಣ್ಣವೂ ಕಪ್ಪು, ಎಲ್ಲದರ ಗಾತ್ರವೂ ಹೆಚ್ಚುಕಡಿಮೆ ಒಂದೇ. ಒಂದು ಪೈಪ್ ಅದಲುಬದಲಾದರೂ ಎಂಜಿನ್ ಸ್ಟಾರ್ಟಾಗುತ್ತದೆ, ಆದರೆ ಐಡ್ಲಿಂಗ್ ನಿಲ್ಲುವುದಿಲ್ಲ, ಕಾರಣವೂ ಗೊತ್ತಾಗುವುದಿಲ್ಲ. ಮಾಸ್ಕಿಂಗ್ ಟೇಪಿನ ತುಂಡಿನ ಮೇಲೆ ಅಂಕಿ ಬರೆದು, ಪೈಪಿನ ತುದಿಗೊಂದು, ಅದು ಕೂರುವ ಮೂತಿಗೊಂದು ಅದೇ ಅಂಕಿಯನ್ನು ಅಂಟಿಸಿ. ಮಾಮೂಲಿ ಪೆನ್ನಿನ ಶಾಯಿ ಆಯಿಲ್ ತಾಗಿದರೆ ಅಳಿಸಿಹೋಗುತ್ತದೆ, ಪೇಂಟ್ ಮಾರ್ಕರ್ ಬಳಸಿ. ಪ್ರತಿ ವೈರಿನ ಸಾಕೆಟ್ಟಿಗೂ ಇದೇ ಉಪಚಾರ. ಕಳಚುವ ಮೊದಲೊಂದು, ಕಳಚಿದ ಮೇಲೊಂದು ಫೋಟೊ. ಅದೂ ಹತ್ತಿರದಿಂದ ಒಂದು, ಎರಡಡಿ ದೂರದಿಂದ ಒಂದು. ಬರೀ ಹತ್ತಿರದ್ದು ತೆಗೆದರೆ ಆ ಸಾಕೆಟ್ ಎಂಜಿನ್ನಿನ ಯಾವ ಮೂಲೆಯದು ಎಂಬುದೇ ವಾರದ ಮೇಲೆ ತಿಳಿಯುವುದಿಲ್ಲ. ಡಿಸ್ಟ್ರಿಬ್ಯೂಟರ್ ಕ್ಯಾಪಿನ ಪ್ಲಗ್ ವೈರುಗಳಿಗೆ ಸಿಲಿಂಡರ್ ನಂಬರ್ ಹಾಕಿ, ಈ ಎಂಜಿನ್ನಿನ ಫೈರಿಂಗ್ ಆರ್ಡರ್ 1-3-2.

ಬೋಲ್ಟುಗಳನ್ನು ಒಂದೇ ಡಬ್ಬಕ್ಕೆ ಸುರಿಯಬೇಡಿ. ಹಳೇ ಇಡ್ಲಿ ತಟ್ಟೆಗಳಿದ್ದರೆ ಒಂದೊಂದು ಕುಳಿಗೆ ಒಂದೊಂದು ಭಾಗದ ಬೋಲ್ಟು ಹಾಕಿಡಲು ಅವು ಹೇಳಿಮಾಡಿಸಿದಂತಿರುತ್ತವೆ, ಮನೆಯವರನ್ನು ಕೇಳಿ ತೆಗೆದುಕೊಳ್ಳಿ. ಗೇರ್‌ಬಾಕ್ಸಿಗೂ ಎಂಜಿನ್ನಿಗೂ ನಡುವಿನ ಬೋಲ್ಟುಗಳು ಮಾತ್ರ ಉದ್ದದಲ್ಲಿ ಬೇರೆಬೇರೆ. ರಟ್ಟಿನ ಮೇಲೆ ಗೇರ್‌ಬಾಕ್ಸಿನ ಆಕಾರ ಬರೆದು, ಆಯಾ ಜಾಗದಲ್ಲಿ ತೂತು ಮಾಡಿ, ಆಯಾ ಬೋಲ್ಟನ್ನು ಅಲ್ಲೇ ಚುಚ್ಚಿಡಿ.

ಎಕ್ಸಲರೇಟರ್, ಚೋಕ್, ಕ್ಲಚ್, ಸ್ಪೀಡೊಮೀಟರ್ ಕೇಬಲ್ಲುಗಳು, ಸೈಲೆನ್ಸರ್ ಪೈಪು, ಗೇರ್ ರಾಡ್, ಡ್ರೈವ್ ಶಾಫ್ಟುಗಳು ಬಂದ ಮೇಲೆ ಉಳಿಯುವುದು ಮೌಂಟಿಂಗ್ ಮಾತ್ರ. ಡ್ರೈವ್ ಶಾಫ್ಟಿನ ಹಬ್ ನಟ್ ಬಿಚ್ಚುವುದಾದರೆ ಚಕ್ರ ನೆಲದ ಮೇಲಿದ್ದಾಗಲೇ ಸಡಿಲಿಸಿಕೊಳ್ಳಿ, ಎತ್ತಿದ ಮೇಲೆ ಚಕ್ರವೇ ತಿರುಗುತ್ತದೆ. ಗೇರ್‌ಬಾಕ್ಸ್ ಸಮೇತ ಎತ್ತುವುದೋ, ಬೇರ್ಪಡಿಸಿ ಎತ್ತುವುದೋ ಎಂಬ ಚರ್ಚೆ ಮೆಕ್ಯಾನಿಕ್‌ಗಳ ನಡುವೆ ಮುಗಿಯದ್ದು. ಹೊಸಬರಿಗೆ ಎರಡನ್ನೂ ಒಟ್ಟಿಗೆ ಎತ್ತುವುದೇ ಲೇಸು, ಮತ್ತೆ ಜೋಡಿಸುವ ಕೆಲಸ ನೆಲದ ಮೇಲೆ ಕೂತು ಕಣ್ಣಿಗೆ ಕಾಣುವಂತೆ ಮಾಡಬಹುದು.

ಎಂಜಿನ್ನಿನ ಲಿಫ್ಟಿಂಗ್ ಹುಕ್ಕಿಗೆ ಚೈನ್ ಹಾಕಿ, ನೈಲಾನ್ ಹಗ್ಗ ಬೇಡ. ಭಾರವನ್ನು ಕ್ರೇನ್ ಹೊತ್ತ ಮೇಲೆ ಮೌಂಟಿಂಗ್ ಬೋಲ್ಟ್ ಎಳೆಯಿರಿ. ಎರಡು ಇಂಚು ಎತ್ತಿ ನಿಲ್ಲಿಸಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿ. ಇನ್ನೂ ಏನೋ ಒಂದು ಅಂಟಿಕೊಂಡಿರುತ್ತದೆ: ಅರ್ತ್ ಪಟ್ಟಿ, ಹೀಟರ್ ಪೈಪು, ರಿವರ್ಸ್ ಲೈಟಿನ ವೈರು ಇವುಗಳಲ್ಲಿ ಒಂದು. ಅದನ್ನು ತೆಗೆದು ಮೇಲೆತ್ತಿ. ತೂಗುತ್ತಿರುವ ಎಂಜಿನ್ನಿನ ಕೆಳಗೆ ಕಾಲು, ಕೈ, ಮಗು, ನಾಯಿ ಯಾವುದೂ ಇರಬಾರದು.

ನೆಲದ ಮೇಲಿದ್ದಾಗಲೇ

ಈ ಹಂತದಲ್ಲಿ ಜಿಪುಣತನ ಮಾಡಿದವರು ಆರು ತಿಂಗಳಲ್ಲಿ ಮತ್ತೆ ಎಂಜಿನ್ ಇಳಿಸುತ್ತಾರೆ. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಒಂದು ಸಣ್ಣ ರಬ್ಬರ್ ಬಳೆ, ಬೆಲೆ ತೀರಾ ಕಡಿಮೆ. ಆದರೆ ಅದು ಕೂರುವುದು ಫ್ಲೈವೀಲಿನ ಹಿಂದೆ. ಎಂಜಿನ್ ಕೂರಿಸಿದ ಮೇಲೆ ಸೋರಿದರೆ ಮತ್ತೆ ಗೇರ್‌ಬಾಕ್ಸ್ ಬಿಚ್ಚದೆ ಗತಿಯಿಲ್ಲ. ಹಾಗಾಗಿ ಎಂಜಿನ್ ಎಷ್ಟೇ ‘ಸೂಪರ್ ಕಂಡೀಷನ್’ ಎಂದಿದ್ದರೂ ಹಿಂದಿನ ಮುಂದಿನ ಆಯಿಲ್ ಸೀಲ್, ಟೈಮಿಂಗ್ ಬೆಲ್ಟ್, ಅದರ ಟೆನ್ಷನರ್, ವಾಟರ್ ಪಂಪ್, ಥರ್ಮೋಸ್ಟಾಟ್, ಬಿರುಕುಬಿಟ್ಟ ಹೋಸ್ ಪೈಪ್, ಕುಗ್ಗಿದ ಮೌಂಟಿಂಗ್ ಎಲ್ಲ ಹೊಸದು ಹಾಕಿ. ಟೈಮಿಂಗ್ ಬೆಲ್ಟಿನ ಗುರುತುಗಳನ್ನು ಹೊಂದಿಸಿದ ಮೇಲೆ ಕೈಯಿಂದ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ಅದೇ ಜಾಗಕ್ಕೆ ಬಂತೇ ನೋಡಿ. ಬ್ಲಾಕಿನ ವೆಲ್ಷ್ ಪ್ಲಗ್ಗುಗಳು ತುಕ್ಕಿನಿಂದ ತೆಳುವಾಗಿದ್ದರೆ ಅವನ್ನೂ ಬದಲಿಸಿ. ಎಕ್ಸಾಸ್ಟ್ ಸ್ಟಡ್ ಮುರಿದಿದ್ದರೆ ಈಗಲೇ ಲೇತಿಗೆ ಒಯ್ಯಿರಿ.

ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೇ ಹೊಸದಾಗಲಿ. ಫ್ಲೈವೀಲಿನ ಮುಖದಲ್ಲಿ ಗೀರು, ನೀಲಿ ಕಲೆ ಇದ್ದರೆ ಲೇತಿನಲ್ಲಿ ಮಟ್ಟ ಮಾಡಿಸಿ. ಪ್ಲೇಟನ್ನು ಗ್ರೀಸ್ ಕೈಯಲ್ಲಿ ಮುಟ್ಟಬೇಡಿ, ಮುಟ್ಟಿದರೆ ಮೊದಲ ಗೇರಿನಲ್ಲಿ ಕಾರು ನಡುಗುತ್ತದೆ.

ಆ ಕೊನೆಯ ಅರ್ಧ ಇಂಚು

ಇಡೀ ಕೆಲಸದಲ್ಲಿ ಹೊಸಬರ ಬೆವರಿಳಿಸುವ ಜಾಗವೆಂದರೆ ಗೇರ್‌ಬಾಕ್ಸನ್ನು ಎಂಜಿನ್ನಿಗೆ ಸೇರಿಸುವುದು. ಗೇರ್‌ಬಾಕ್ಸಿನಿಂದ ಹೊರಚಾಚಿದ ಇನ್‌ಪುಟ್ ಶಾಫ್ಟಿನ ಮೇಲೆ ಹಲ್ಲುಗಳಿವೆ. ಅವು ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳೊಳಗೆ ಜಾರಬೇಕು, ಶಾಫ್ಟಿನ ತುದಿ ಅದರಾಚೆಯ ಬೇರಿಂಗಿನಲ್ಲಿ ಕೂರಬೇಕು. ಪ್ರೆಷರ್ ಪ್ಲೇಟ್ ಬಿಗಿಯುವಾಗ ಕ್ಲಚ್ ಪ್ಲೇಟ್ ಒಂದೆರಡು ಮಿಲಿಮೀಟರ್ ಪಕ್ಕಕ್ಕೆ ಸರಿದಿದ್ದರೂ ಶಾಫ್ಟ್ ಒಳಗೆ ಹೋಗುವುದಿಲ್ಲ. ಅಲೈನ್‌ಮೆಂಟ್ ಟೂಲ್ ಇಲ್ಲದಿದ್ದರೆ ಹಳೇ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟನ್ನೇ ಗುಜರಿಯಿಂದ ತನ್ನಿ, ಅದಕ್ಕಿಂತ ಒಳ್ಳೆಯ ಟೂಲ್ ಇಲ್ಲ. ಅದನ್ನು ತೂರಿಸಿಟ್ಟುಕೊಂಡು ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಿರಿ. ಪ್ಲೇಟಿನ ಯಾವ ಮುಖ ಫ್ಲೈವೀಲ್ ಕಡೆ ಎಂಬುದನ್ನು ಹಳೆಯದರ ಫೋಟೊ ನೋಡಿ ಖಾತ್ರಿ ಮಾಡಿಕೊಳ್ಳಿ. ಸ್ಪ್ರಿಂಗ್ ಉಬ್ಬಿರುವ ಕಡೆ ಸಾಮಾನ್ಯವಾಗಿ ಗೇರ್‌ಬಾಕ್ಸಿಗೆ ಮುಖ ಮಾಡಿರುತ್ತದೆ.

ಜೋಡಿಸುವಾಗ ಎಲ್ಲ ಸರಿಯಾಗಿ ಸಾಗಿ, ಕೊನೆಯ ಅರ್ಧ ಇಂಚು ಸಂದಿ ಉಳಿದು ನಿಲ್ಲುತ್ತದೆ. ಬೋಲ್ಟ್ ಹಾಕಿ ಬಿಗಿದರೆ ಎಳೆದುಕೊಂಡು ಕೂರುತ್ತದೆ ಎಂದು ಕೈ ತುರಿಸುತ್ತದೆ. ಎಳೆಯಬೇಡಿ! ಆ ಸಂದಿ ಕೈಯಿಂದಲೇ ಮುಚ್ಚಬೇಕು. ಬೋಲ್ಟಿನಿಂದ ಎಳೆದರೆ ಕ್ಲಚ್ ಪ್ಲೇಟಿನ ನಡುಭಾಗ ಬಾಗುತ್ತದೆ, ಇಲ್ಲವೇ ಅಲ್ಯೂಮಿನಿಯಂ ಹೌಸಿಂಗಿನ ಕಿವಿ ಮುರಿಯುತ್ತದೆ. ಗೇರ್‌ಬಾಕ್ಸನ್ನು ನಾಲ್ಕನೇ ಗೇರಿಗೆ ಹಾಕಿ, ಡ್ರೈವ್ ಶಾಫ್ಟ್ ಕೂರುವ ಎರಡೂ ಕಡೆ ಒಟ್ಟಿಗೆ ಒಂಚೂರು ತಿರುಗಿಸಿ, ಇಲ್ಲವೇ ಎಂಜಿನ್ನನ್ನೇ ಕ್ರ್ಯಾಂಕ್ ಬೋಲ್ಟಿನಿಂದ ಒಂಚೂರು ತಿರುಗಿಸಿ, ಗೇರ್‌ಬಾಕ್ಸನ್ನು ಮೇಲೆ ಕೆಳಗೆ ಅಲುಗಿಸುತ್ತಾ ನೂಕಿ. ಹಲ್ಲಿಗೆ ಹಲ್ಲು ಕೂತಾಗ ‘ಠಕ್’ ಎಂದು ಒಂದೇ ಸಲಕ್ಕೆ ಮುಚ್ಚಿಕೊಳ್ಳುತ್ತದೆ. ಮುಚ್ಚದಿದ್ದರೆ ಹಿಂದಕ್ಕೆ ಎಳೆದು ಪ್ಲೇಟನ್ನು ಮತ್ತೆ ನಡುವಿಗೆ ತನ್ನಿ.

ಎಂಜಿನ್ ಕಾರಿನೊಳಗೆ ಇಳಿಸುವುದು ಎತ್ತಿದ್ದರ ತಿರುಗುಮುರುಗು ಅಷ್ಟೇ. ಮೌಂಟಿಂಗ್ ಬೋಲ್ಟುಗಳೆಲ್ಲ ತೂತಿಗೆ ಬಂದ ಮೇಲೆ ಬಿಗಿಯಿರಿ, ಒಂದನ್ನೇ ಪೂರ್ತಿ ಬಿಗಿದು ಇನ್ನೊಂದನ್ನು ಹೊಂದಿಸಲು ಹೋಗಬೇಡಿ. ಫ್ಲೈವೀಲ್, ಮೌಂಟಿಂಗ್, ಹಬ್ ನಟ್ ಇವಕ್ಕೆ ಕಂಪನಿ ಹೇಳಿದ ಟಾರ್ಕ್ ನೋಡಿ ರೆಂಚ್ ಬಳಸಿ.

ಅರ್ತ್ ಪಟ್ಟಿಯ ಬಗ್ಗೆ ಇನ್ನೊಂದು ಮಾತು. ಬಾಡಿಗೂ ಎಂಜಿನ್ನಿಗೂ ನಡುವಿನ ಆ ಪಟ್ಟಿಯನ್ನು ಮರೆತು ಸೆಲ್ಫ್ ಹೊಡೆದರೆ ಕರೆಂಟು ಬೇರೆ ದಾರಿ ಹುಡುಕುತ್ತದೆ. ಸಿಗುವುದು ಕ್ಲಚ್ ಅಥವಾ ಎಕ್ಸಲರೇಟರ್ ಕೇಬಲ್. ಕೇಬಲ್ ಕಾದು ಒಳಗಿನ ಪ್ಲಾಸ್ಟಿಕ್ ಕರಗಿ ಹಿಡಿದುಕೊಳ್ಳುತ್ತದೆ. ಹೊಸ ಎಂಜಿನ್ ಕೂರಿಸಿದ ಮೇಲೆ ಕೇಬಲ್ಲಿನಿಂದ ಹೊಗೆ ಬಂದರೆ ಮೊದಲು ಈ ಪಟ್ಟಿ ನೋಡಿ.

ಮೊದಲ ಸ್ಟಾರ್ಟು

ಹೊಸ ಆಯಿಲ್ ಫಿಲ್ಟರ್ ಹಾಕಿ, ಡಿಪ್‌ಸ್ಟಿಕ್ ನೋಡುತ್ತಾ ಆಯಿಲ್ ತುಂಬಿ. ಕೂಲೆಂಟ್ ತುಂಬುವಾಗ ಹೀಟರನ್ನು ಪೂರ್ತಿ ಬಿಸಿಗೆ ಇಟ್ಟರೆ ಸಿಕ್ಕಿಕೊಂಡ ಗಾಳಿ ಹೊರಬರಲು ದಾರಿಯಾಗುತ್ತದೆ. ಗೇರ್ ಆಯಿಲ್ ಮರೆಯುವವರು ಬಹಳ, ಒಮ್ಮೆ ಜ್ಞಾಪಿಸಿಕೊಳ್ಳಿ.

ಪ್ಲಗ್ ಹಾಕುವ ಮೊದಲು, ಕಾಯಿಲ್ ವೈರ್ ಕಳಚಿಟ್ಟು, ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಆರುವವರೆಗೆ ಸೆಲ್ಫ್ ಹೊಡೆಯಿರಿ. ಒಂದೊಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಸ್ಟಾರ್ಟರ್ ಆರಲು ಬಿಡಿ. ಬೇರಿಂಗುಗಳಿಗೆ ಆಯಿಲ್ ಮುಟ್ಟಿದ ಮೇಲೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ದೀಪ ಕೆಲವೇ ಸೆಕೆಂಡಿನಲ್ಲಿ ಆರದಿದ್ದರೆ ಕೂಡಲೇ ಆಫ್ ಮಾಡಿ.

ಸ್ಟಾರ್ಟಾದ ಖುಷಿಯಲ್ಲಿ ರೇಸ್ ಮಾಡಬೇಡಿ. ಗೇಟು ತೆರೆದು ಗಾಳಿಯಾಡುವ ಕಡೆ ನಿಲ್ಲಿಸಿ, ಮುಚ್ಚಿದ ಶೆಡ್ಡಿನಲ್ಲಿ ಓಡಿಸಿದರೆ ಸೈಲೆನ್ಸರಿನ ಗಾಳಿ ಜೀವ ತೆಗೆಯುತ್ತದೆ. ಎಕ್ಸಾಸ್ಟಿನ ಮೇಲೆ ಬಿದ್ದ ಆಯಿಲ್, ಸ್ಪ್ರೇ ಸುಟ್ಟು ಮೊದಲ ಹತ್ತು ನಿಮಿಷ ಒಂದಿಷ್ಟು ಹೊಗೆ ಬರುವುದು ಸಹಜ. ಟಾರ್ಚ್ ಹಿಡಿದು ಪೆಟ್ರೋಲ್ ಪೈಪಿನ ಪ್ರತಿ ಕ್ಲಿಪ್ ನೋಡಿ. ಉಷ್ಣಾಂಶದ ಮುಳ್ಳು ನಡುವಿಗೆ ಬಂದು ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗುವವರೆಗೆ ಕಾಯಿರಿ. ತಿರುಗದೆ ಮುಳ್ಳು ಏರುತ್ತಿದ್ದರೆ ನಿಲ್ಲಿಸಿ. ತಣ್ಣಗಾದ ಮೇಲೆ ಕೂಲೆಂಟ್ ಇಳಿದಿರುತ್ತದೆ, ತುಂಬಿ. ಡಿಸ್ಟ್ರಿಬ್ಯೂಟರ್ ಇರುವ ಎಂಜಿನ್ನಿಗೆ ಟೈಮಿಂಗ್ ಲೈಟ್ ಹಿಡಿದು ಇಗ್ನಿಷನ್ ಹೊಂದಿಸುವ ಕೆಲಸವನ್ನು ಮೆಕ್ಯಾನಿಕ್ಕಿಗೇ ಕೊಡಿ. ಬೋರಿಂಗ್ ಮಾಡಿಸಿದ ಎಂಜಿನ್ ಆದರೆ ಮೊದಲ 1,000 ಕಿಲೋಮೀಟರ್ ನಿಧಾನ. ಚಾರ್ಮಾಡಿ, ಆಗುಂಬೆ ಘಾಟಿಗಳು ಆಮೇಲೆ ನೋಡಿಕೊಳ್ಳೋಣ. ಅಷ್ಟು ಓಡಿದ ಮೇಲೆ ಆಯಿಲ್, ಫಿಲ್ಟರ್ ಬದಲಿಸಿ, ಮೌಂಟಿಂಗ್ ಬೋಲ್ಟುಗಳನ್ನು ಇನ್ನೊಮ್ಮೆ ನೋಡಿ.

ಬಸಿದ ಹಳೇ ಆಯಿಲನ್ನು ಚರಂಡಿಗೆ ಸುರಿಯಬೇಡಿ, ತೆಂಗಿನ ಬುಡಕ್ಕೂ ಬೇಡ. ಸರ್ಕಾರದ ನಿಯಮದಲ್ಲಿ ಅದು ಅಪಾಯಕಾರಿ ತ್ಯಾಜ್ಯ. ನೋಂದಾಯಿತ ಮರುಬಳಕೆದಾರರಿಗೆ ಕೊಡುವ ದೊಡ್ಡ ಸರ್ವೀಸ್ ಸೆಂಟರುಗಳು ಡ್ರಮ್ಮು ಇಟ್ಟಿರುತ್ತವೆ, ಕೇಳಿದರೆ ಕೆಲವರು ತೆಗೆದುಕೊಳ್ಳುತ್ತಾರೆ.

ಕೊನೆಗೆ ಎಮಿಷನ್ ಟೆಸ್ಟ್ ಹೊಸದಾಗಿ ಮಾಡಿಸಿ. ಬ್ಲಾಕ್ ಬದಲಾಗಿದ್ದರೆ ಎಂಜಿನ್ನಿನ ಬಿಲ್ಲು, ಆರ್‌ಸಿ, ವಿಮೆಯ ಪ್ರತಿ ಹಿಡಿದು 14 ದಿನ ಕಳೆಯುವುದರೊಳಗೆ ಆರ್‌ಟಿಒಗೆ ಹೋಗಿ. ಹೊಸ ನಂಬರ್ ಆರ್‌ಸಿಗೆ ಏರಿದ ಕೂಡಲೇ ವಿಮಾ ಕಂಪನಿಗೂ ಬರೆದು ಪಾಲಿಸಿಯಲ್ಲಿ ತಿದ್ದಿಸಿಕೊಳ್ಳಿ. ಅಪಘಾತವಾದ ಮೇಲೆ ನಂಬರ್ ತಾಳೆಯಾಗದಿದ್ದರೆ ಕ್ಲೇಮಿಗೆ ತಕರಾರು ಬರುತ್ತದೆ.